ಇಸ್ತ್ರಿ ಗಾಡಿಯ ಪ್ರಶ್ನೆ: ಕಲ್ಲಿದ್ದಲಿನಿಂದ ಗ್ರಾಫೀನ್ ಬರೋದು ಹೇಗೆ?

ನಮ್ಮ ಬೀದಿ ಕೊನೆಯಲ್ಲಿ, ಹೊಂಗೆ ಮರದ ಕೆಳಗೆ ಒಂದು ಇಸ್ತ್ರಿ ಗಾಡಿ ಇದೆ. ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಇನ್ನೂ ಅಲ್ಲಲ್ಲಿ ಕಾಣುತ್ತವಲ್ಲ, ಆ ಥರದ್ದು. ಹಿತ್ತಾಳೆ ಪೆಟ್ಟಿಗೆ, ಅದರೊಳಗೆ ಕೆಂಡ. ಅಣ್ಣ ಮುಚ್ಚಳ ತೆಗೆದು ಇದ್ದಿಲು ಸುರಿದು, ರಟ್ಟಿನ ಚೂರಿನಿಂದ ಬೀಸುತ್ತಾರೆ. ಮೊದಲು ಅಂಚು ಕೆಂಪಗಾಗುತ್ತದೆ. ಚಟಪಟ ಅಂತ ನಾಲ್ಕು ಕಿಡಿ ಹಾರುತ್ತವೆ. ಆಮೇಲೆ ಕೆಂಡದ ಮೇಲೆ ತೆಳ್ಳಗೆ ಬಿಳಿ ಬೂದಿ ಕೂರುತ್ತದೆ. ಆಗ ಪೆಟ್ಟಿಗೆ ತಯಾರು ಅಂತ ಲೆಕ್ಕ.

ಮೊನ್ನೆ ಬಟ್ಟೆ ಕೊಡಲು ಹೋದಾಗ ಗಾಡಿ ಪಕ್ಕ ಹೊಸ ಎಲೆಕ್ಟ್ರಿಕ್ ಸ್ಕೂಟರ್ ನಿಂತಿತ್ತು. ಮನೆಮನೆಗೆ ಬಟ್ಟೆ ತಲುಪಿಸಲು ತಗೊಂಡಿದ್ದಂತೆ. ಅದರ ಬದಿಯಲ್ಲಿ ‘ಗ್ರಾಫೀನ್ ಬ್ಯಾಟರಿ’ ಅಂತ ದೊಡ್ಡ ಸ್ಟಿಕರ್.

“ಸರ್, ಈ ಗ್ರಾಫೀನ್ ಅಂದ್ರೆ ಏನು? ಕಲ್ಲಿದ್ದಲಿಂದ ಮಾಡ್ತಾರಂತೆ, ಫೋನಲ್ಲಿ ವಿಡಿಯೋ ನೋಡಿದೆ. ಹಂಗಾದ್ರೆ ನನ್ನ ಇದ್ದಿಲಿಂದಾನೂ ಆಗ್ಬೇಕಲ್ವಾ?”

“ಇಲ್ಲ ಅಣ್ಣ, ಅದೇ ಬೇರೆ, ಇದೇ ಬೇರೆ” ಅಂದುಬಿಟ್ಟೆ. ಮನೆಗೆ ಬಂದು ಯೋಚಿಸಿದರೆ ನನ್ನ ಉತ್ತರ ಅರ್ಧ ಸರಿ, ಅರ್ಧ ತಪ್ಪು. ಯಾವ ಅರ್ಧ ಸರಿ, ಯಾವುದು ತಪ್ಪು ಅಂತ ಹೇಳಬೇಕಾದರೆ ಸ್ವಲ್ಪ ಬುಡದಿಂದಲೇ ಶುರು ಮಾಡಬೇಕು.

ಗ್ರಾಫೀನ್ ಅಂದರೆ ಒಂದೇ ಒಂದು ಪದರ

ಹಳಬರು ಪೆನ್ಸಿಲ್‌ಗೆ ಸೀಸದಕಡ್ಡಿ ಅನ್ನುತ್ತಿದ್ದರು. ಅದರಲ್ಲಿ ಸೀಸ ಇಲ್ಲವೇ ಇಲ್ಲ. ಇರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಗ್ರಾಫೈಟ್ ಮೊದಲು ಸಿಕ್ಕಾಗ ಜನ ಅದನ್ನು ಸೀಸದ ಒಂದು ಜಾತಿ ಅಂದುಕೊಂಡಿದ್ದರು. ಆ ಹೆಸರು ಹಾಗೇ ಉಳಿದುಬಿಟ್ಟಿತು.

ಗ್ರಾಫೈಟ್ ಅಂದರೆ ಪೂರ್ತಿ ಇಂಗಾಲ, ಅಂದರೆ ಕಾರ್ಬನ್. ಅದರ ಒಳರಚನೆ ಮದುವೆ ಊಟದ ಚಿರೋಟಿ ಇದ್ದ ಹಾಗೆ, ಪದರದ ಮೇಲೆ ಪದರ. ಪ್ರತಿ ಪದರದಲ್ಲೂ ಇಂಗಾಲದ ಪರಮಾಣುಗಳು ಜೇನುಗೂಡಿನಂತೆ ಆರು ಮೂಲೆಯ ಕಣ್ಣುಗಳಾಗಿ ಕೈಕೈ ಹಿಡಿದುಕೊಂಡಿರುತ್ತವೆ. ಪದರದ ಒಳಗಿನ ಹಿಡಿತ ಭಾರೀ ಬಿಗಿ. ಪದರಕ್ಕೂ ಪದರಕ್ಕೂ ಇರುವ ಅಂಟು ಮಾತ್ರ ತೀರಾ ಸಡಿಲ. ಪೆನ್ಸಿಲ್‌ನಲ್ಲಿ ಬರೆದಾಗ ಕಾಗದದ ಮೇಲೆ ಉಳಿಯುವುದು ಹೀಗೆ ಜಾರಿಬಿದ್ದ ಪದರಗಳೇ.

ಆ ಚಿರೋಟಿಯಿಂದ ಒಂದೇ ಒಂದು ಪದರ ಬಿಡಿಸಿ ತೆಗೆದರೆ ಅದೇ ಗ್ರಾಫೀನ್. ಒಂದು ಪರಮಾಣುವಿನಷ್ಟೇ ದಪ್ಪ. ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟ್‌ನಲ್ಲಿ ಇಂಥ ಸುಮಾರು 30 ಲಕ್ಷ ಪದರಗಳಿರುತ್ತವೆ. ಬೆಂಗಳೂರಿನ ಅಳತೆಯಲ್ಲೇ ಹೇಳಬೇಕು ಅಂದರೆ, ಒಂದು ಗ್ರಾಂ ಗ್ರಾಫೈಟನ್ನು ಪೂರ್ತಿ ಒಂಟಿ ಪದರವಾಗಿ ಬಿಡಿಸಿ ಹಾಸಿದರೆ ಹನ್ನೊಂದು 30-40 ಸೈಟು ಮುಚ್ಚಬಹುದು.

ಇದನ್ನು ಮೊದಲು ಬಿಡಿಸಿ ತೋರಿಸಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್, 2004ರಲ್ಲಿ. ಉಪಕರಣ ಏನು ಗೊತ್ತಾ? ಅಂಗಡಿಯಲ್ಲಿ ಸಿಗುವ ಅಂಟುಟೇಪು. 2010ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು.

ಆ ಟೇಪಿನ ಕೆಲಸದ ರುಚಿ ನೋಡಬೇಕಾದರೆ ಮನೆಯಲ್ಲೇ ಮಾಡಿ. 6ಬಿ ಪೆನ್ಸಿಲ್ ತಗೊಂಡು ಕಾಗದದ ಮೇಲೆ ಒಂದೇ ಜಾಗದಲ್ಲಿ ಒತ್ತಿ ಒತ್ತಿ ತಿದ್ದಿ. ಹೊಳೆಯುವ ಬೂದು ಕಲೆ ಬರುತ್ತದೆ. ಅದರ ಮೇಲೆ ಟೇಪು ಒತ್ತಿ ಎಳೆಯಿರಿ. ಟೇಪಿಗೆ ಕಪ್ಪು ಹತ್ತುತ್ತದೆ. ಈಗ ಟೇಪನ್ನೇ ಮಡಚಿ ತನ್ನ ಮೇಲೆ ತಾನೇ ಅಂಟುವಂತೆ ಒತ್ತಿ, ಮತ್ತೆ ಬಿಡಿಸಿ. ಒಂದು ಕಲೆ ಎರಡಾಗಿರುತ್ತದೆ, ಎರಡೂ ಮೊದಲಿಗಿಂತ ಮಂಕು. ಇನ್ನೊಂದು ಸಲ ಮಡಚಿದರೆ ನಾಲ್ಕು. ಎಂಟು ಹತ್ತು ಸಲ ಆದಮೇಲೆ ಟೇಪಿನ ತುಂಬ ಬರೀ ಹೊಗೆ ಕಂಡಂತೆ ಕಾಣುತ್ತದೆ. ಪ್ರತಿ ಸಲವೂ ಪದರಗಳು ಎರಡು ಪಾಲಾಗುತ್ತಿವೆ, ಅಷ್ಟೇ ವಿಷಯ. ನಮ್ಮ ಪೆನ್ಸಿಲ್‌ನಲ್ಲಿ ಮಣ್ಣು ಬೆರೆತಿರುತ್ತದೆ, ಅವರು ಬಳಸಿದ್ದು ಶುದ್ಧ ಗ್ರಾಫೈಟ್.

ಈ ಒಂಟಿ ಪದರದ ಮೇಲೆ ಎಲ್ಲರ ಕಣ್ಣು ಯಾಕೆ? 2008ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇದನ್ನು ಸೂಜಿಯಂಥ ಮೊನೆಯಿಂದ ಒತ್ತಿ ಅಳೆದರು. ಅದೇ ದಪ್ಪದ ಉಕ್ಕಿಗಿಂತ ನೂರಾರು ಪಟ್ಟು ಗಟ್ಟಿ. ಶಾಖವನ್ನು ತಾಮ್ರಕ್ಕಿಂತ ಹಲವು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಬೆಳಕಿನಲ್ಲಿ ಶೇ 2.3ರಷ್ಟನ್ನು ಮಾತ್ರ ತಡೆಯುತ್ತದೆ, ಉಳಿದದ್ದು ಆಚೆ ದಾಟುತ್ತದೆ. ಆದರೆ ಒಂದು ಮಾತು ನೆನಪಿಡಬೇಕು. ಇವೆಲ್ಲ ಒಂದೂ ತೂತಿಲ್ಲದ ಒಂಟಿ ಹಾಳೆಯ ಗುಣಗಳು. ಮೂಟೆಗಟ್ಟಲೆ ಬರುವ ಕಪ್ಪು ಪುಡಿಗೆ ಇದನ್ನೆಲ್ಲ ಹಾಗೇ ಅಂಟಿಸಿ ಹೇಳುವುದು ಜಾಹೀರಾತಿನವರ ಕೆಲಸ.

ಕಲ್ಲಿದ್ದಲೊಳಗೆ ಏನಿದೆ?

ನಮ್ಮ ದೇಶದ ಕಲ್ಲಿದ್ದಲು ಬಹುಪಾಲು 25 ಕೋಟಿ ವರ್ಷಕ್ಕೂ ಹಳೆಯದು. ಜೌಗಿನಲ್ಲಿ ಬಿದ್ದ ಗಿಡಮರ ಮಣ್ಣಿನಡಿ ಹೂತು, ಭಾರ ಮತ್ತು ಬಿಸಿಗೆ ಸಿಕ್ಕಿ, ನೀರು, ಆಮ್ಲಜನಕ, ಜಲಜನಕ ಕಳೆದುಕೊಳ್ಳುತ್ತಾ ಬಂತು. ಜಾಸ್ತಿ ಕಳೆದುಕೊಂಡಷ್ಟೂ ಇಂಗಾಲದ ಪಾಲು ಹೆಚ್ಚು. ಎಳೆಯ ಕಲ್ಲಿದ್ದಲು ಲಿಗ್ನೈಟ್, ತಮಿಳುನಾಡಿನ ನೈವೇಲಿಯದು ಇದೇ. ಅದಕ್ಕಿಂತ ಬಲಿತದ್ದು ಬಿಟುಮಿನಸ್. ತೀರಾ ಬಲಿತದ್ದು ಆಂತ್ರಸೈಟ್, ಅದರ ತೇವ, ಬೂದಿ ಬಿಟ್ಟು ಲೆಕ್ಕ ಹಾಕಿದರೆ ಶೇ 90ಕ್ಕಿಂತ ಹೆಚ್ಚು ಇಂಗಾಲ.

ಇಲ್ಲೊಂದು ಸ್ವಾರಸ್ಯ ಇದೆ. ಕಲ್ಲಿದ್ದಲನ್ನು ಪರಮಾಣು ಮಟ್ಟದಲ್ಲಿ ನೋಡಿದರೆ ಅದರಲ್ಲಿ ಆಗಲೇ ಜೇನುಗೂಡಿನ ಚೂರುಗಳು ಇವೆ. ಎರಡು, ಮೂರು, ನಾಲ್ಕು ಕಣ್ಣುಗಳ ಪುಟ್ಟ ಪುಟ್ಟ ತುಂಡು. ಈ ತುಂಡುಗಳನ್ನು ಅಡ್ಡಾದಿಡ್ಡಿ ಸರಪಳಿಗಳು ಕಟ್ಟಿಹಾಕಿರುತ್ತವೆ. ನಡುನಡುವೆ ಗಂಧಕ, ಸಾರಜನಕ, ಆಮ್ಲಜನಕ. ಅದರ ಜೊತೆ ಮಣ್ಣು. ಗ್ರಾಫೈಟ್ ಅಚ್ಚುಕಟ್ಟಾದ ಚಿರೋಟಿ ಆದರೆ, ಕಲ್ಲಿದ್ದಲು ಕೈಯಲ್ಲಿ ಹಿಸುಕಿ, ಸಕ್ಕರೆ ಹಾಲು ಸುರಿದು, ಮೇಲೆ ಮರಳು ಉದುರಿಸಿದ ಚಿರೋಟಿ.

ಹಾಗಾಗಿ ಕಲ್ಲಿದ್ದಲಿನಿಂದ ಗ್ರಾಫೀನ್ ಮಾಡುವುದು ಅಂದರೆ ಇಲ್ಲದ್ದನ್ನು ಸೃಷ್ಟಿಸುವುದಲ್ಲ. ಕಸ ಹೊರಗೆ ಹಾಕಬೇಕು, ಚೂರುಗಳನ್ನು ಜೋಡಿಸಬೇಕು. ಅಥವಾ ಜೋಡಿಸುವ ಗೋಜೇ ಬೇಡ ಅಂತ ಚೂರುಗಳನ್ನೇ ಕಿತ್ತು ಬಳಸಬೇಕು. ಮುಂದೆ ಬರುವ ದಾರಿಗಳೆಲ್ಲ ಈ ಎರಡರಲ್ಲಿ ಒಂದು.

ಇದ್ದಿಲಿನ ಮೊಂಡುತನ

ಅಣ್ಣನ ಇದ್ದಿಲು ಕಲ್ಲಿದ್ದಲಲ್ಲ. ಕಟ್ಟಿಗೆಯನ್ನು ಗಾಳಿ ತಗುಲದಂತೆ ಸುಟ್ಟು ಮಾಡಿದ್ದು. ಎರಡೂ ಕಪ್ಪು, ಎರಡೂ ಇಂಗಾಲ. ವ್ಯತ್ಯಾಸ ಎಲ್ಲಿದೆ ಅಂತ ಸ್ಪಷ್ಟವಾಗಿ ತೋರಿಸಿದವರು ರೋಸಲಿಂಡ್ ಫ್ರಾಂಕ್ಲಿನ್. ಹೌದು, ಡಿಎನ್‌ಎ ರಚನೆಯ ವಿಷಯದಲ್ಲಿ ಹೆಸರು ಕೇಳಿರುತ್ತೀರಲ್ಲ, ಅವರೇ. ಡಿಎನ್‌ಎಗೆ ಬರುವ ಮೊದಲು ಅವರು ಕಲ್ಲಿದ್ದಲಿನ ವಿಜ್ಞಾನಿ. 1945ರಲ್ಲಿ ಕೇಂಬ್ರಿಜ್‌ನಲ್ಲಿ ಪಡೆದ ಡಾಕ್ಟರೇಟ್ ಕೂಡ ಕಲ್ಲಿದ್ದಲಿನಂಥ ಇಂಗಾಲ ವಸ್ತುಗಳ ಮೇಲೇ.

1951ರಲ್ಲಿ ಅವರು ಪ್ರಕಟಿಸಿದ ಸಂಶೋಧನೆ ಇಂಗಾಲವನ್ನು ಎರಡು ಗುಂಪು ಮಾಡಿತು. ಒಂದು, ಜೋರಾಗಿ ಕಾಯಿಸಿದರೆ ಗ್ರಾಫೈಟ್ ಆಗುವಂಥದ್ದು. ಇನ್ನೊಂದು, ಎಷ್ಟು ಕಾಯಿಸಿದರೂ ಆಗದಂಥದ್ದು. ಕೆಲವು ಕಲ್ಲಿದ್ದಲು, ಮತ್ತು ಅದರಿಂದ ಬರುವ ಡಾಂಬರು, ಬಿಸಿಗೆ ಮೊದಲು ಮೆತ್ತಗಾಗುತ್ತವೆ. ಪಾಕದ ಹಾಗೆ ಆಗುತ್ತವೆ. ಆ ಹೊತ್ತಿನಲ್ಲಿ ಜೇನುಗೂಡಿನ ಚೂರುಗಳು ಅಲುಗಾಡಿ, ಒಂದರ ಪಕ್ಕ ಒಂದು ಮಲಗುತ್ತವೆ. ಮುಂದೆ ಗಟ್ಟಿಯಾಗಿ, ಇನ್ನೂ ಬಿಸಿ ಏರಿದಾಗ ಚೆಂದದ ಪದರಗಳಾಗುತ್ತವೆ.

ಇದ್ದಿಲು ಮೆತ್ತಗಾಗುವುದೇ ಇಲ್ಲ. ಚೂರುಗಳು ದಿಕ್ಕಾಪಾಲಾಗಿ ನಿಂತಲ್ಲೇ ನಿಂತು, ಅಡ್ಡಡ್ಡ ಬೆಸುಗೆ ಬಿದ್ದು ಗಟ್ಟಿಯಾಗಿರುತ್ತವೆ. ಅಲುಗಾಡೋಕೆ ಜಾಗವಿಲ್ಲ. 3,000 ಡಿಗ್ರಿಯ ಕುಲುಮೆಯಲ್ಲಿ ಇಟ್ಟರೂ ಗ್ರಾಫೈಟ್ ಆಗುವುದಿಲ್ಲ. ಅಣ್ಣನಿಗೆ ನಾನು ಹೇಳಿದ್ದರಲ್ಲಿ ಸರಿಯಾದ ಅರ್ಧ ಇದು.

ಹಳೆ ದಾರಿ: ಮೊದಲು ಕುಲುಮೆ, ಆಮೇಲೆ ಆಮ್ಲ

ವೈಟ್‌ಫೀಲ್ಡ್ ಕಡೆ ಓಡಾಡುವವರಿಗೆ ‘ಗ್ರಾಫೈಟ್ ಇಂಡಿಯಾ’ ಅನ್ನುವುದು ಸಿಗ್ನಲ್ಲಿನ ಹೆಸರು. ಕಂಡಕ್ಟರ್ “ಗ್ರಾಫೈಟ್ ಯಾರ್ರೀ ಇಳಿಯೋರು” ಅಂತ ಕೂಗಿದರೆ ಐಟಿ ಹುಡುಗರು ಎದ್ದು ನಿಲ್ಲುತ್ತಾರೆ. ಅಲ್ಲಿ ಒಂದು ಕಾಲಕ್ಕೆ ನಿಜವಾಗಿಯೂ ಗ್ರಾಫೈಟ್ ತಯಾರಾಗುತ್ತಿತ್ತು. ಉಕ್ಕು ಕರಗಿಸುವ ವಿದ್ಯುತ್ ಕುಲುಮೆಗೆ ಬೇಕಾದ ಎಲೆಕ್ಟ್ರೋಡ್, ಅಂದರೆ ಕರೆಂಟು ಒಳಗೆ ಹಾಯಿಸುವ ದಪ್ಪ ದಪ್ಪ ಗ್ರಾಫೈಟ್ ಕಂಬಗಳು.

ಇಂಥ ಎಲೆಕ್ಟ್ರೋಡ್‌ಗೆ ಕಲ್ಲಿದ್ದಲಿನ ನಂಟಿದೆ. ಉಕ್ಕಿನ ಕಾರ್ಖಾನೆಗಳಲ್ಲಿ, ನಮ್ಮ ತೋರಣಗಲ್ಲಿನಂಥ ಕಡೆ, ಕಲ್ಲಿದ್ದಲನ್ನು ಗಾಳಿಯಿಲ್ಲದೆ ಸಾವಿರ ಡಿಗ್ರಿಗೂ ಹೆಚ್ಚು ಕಾಯಿಸಿ ಕೋಕ್ ಮಾಡುತ್ತಾರೆ. ಆಗ ಹೊರಬರುವ ಅಂಟು ಅಂಟು ಕಪ್ಪು ದ್ರವವೇ ಡಾಂಬರು. ಒಂದು ಟನ್ ಕಲ್ಲಿದ್ದಲಿಗೆ ಸುಮಾರು 30ರಿಂದ 40 ಕಿಲೋ ಸಿಗುತ್ತದೆ. ಅದನ್ನು ಬಟ್ಟಿ ಇಳಿಸಿದರೆ ತಳದಲ್ಲಿ ಪಿಚ್ ಉಳಿಯುತ್ತದೆ. ಪೆಟ್ರೋಲಿಯಂ ಕೋಕ್, ಅಂದರೆ ಕಚ್ಚಾತೈಲ ಸಂಸ್ಕರಿಸಿದಾಗ ಉಳಿಯುವ ಗಟ್ಟಿ ಇಂಗಾಲದ ಪುಡಿಗೆ ಈ ಪಿಚ್ಚನ್ನು ಅಂಟಿನಂತೆ ಬೆರೆಸಿ, ಕಂಬದ ಆಕಾರಕ್ಕೆ ಒತ್ತಿ, ಸುಟ್ಟು, ಕೊನೆಗೆ 2,500 ಡಿಗ್ರಿಗೂ ಮೀರಿ ಕಾಯಿಸುತ್ತಾರೆ. ಎಡ್ವರ್ಡ್ ಆಚೆಸನ್ ಅನ್ನುವವರು 1896ರಲ್ಲಿ ಪೇಟೆಂಟ್ ಪಡೆದ ವಿಧಾನ ಇದಕ್ಕೆ ಮೂಲ. ಬೆಂಕಿ ಹಚ್ಚುವುದಿಲ್ಲ, ಇಂಗಾಲದ ರಾಶಿಯೊಳಗೆ ದಿನಗಟ್ಟಲೆ ಕರೆಂಟು ಹರಿಸುತ್ತಾರೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೀಗೆ ಸಿಕ್ಕ ಗ್ರಾಫೈಟಿನ ಪದರ ಬಿಡಿಸಲು ಟೇಪು ಸಾಲದು. ಟನ್‌ಗಟ್ಟಲೆ ಬೇಕಾದರೆ ಆಮ್ಲ ಬೇಕು. 1958ರಿಂದ ಪ್ರಸಿದ್ಧವಾದ ಹಮ್ಮರ್ಸ್ ವಿಧಾನದಲ್ಲಿ ಗ್ರಾಫೈಟ್ ಪುಡಿಯನ್ನು ಗಾಢ ಗಂಧಕಾಮ್ಲ, ಸೋಡಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಪರ್ಮಾಂಗನೇಟ್ ಜೊತೆ ಕಲಸುತ್ತಾರೆ. ಪದರಗಳ ನಡುವೆ ಆಮ್ಲಜನಕ ನುಗ್ಗಿ ಅವನ್ನು ದೂರ ತಳ್ಳುತ್ತದೆ. ನೆನೆಸಿದ ಅವಲಕ್ಕಿ ಉಬ್ಬಿದಂತೆ ಅಂದುಕೊಳ್ಳಿ. ಆಮೇಲೆ ನೀರಿನಲ್ಲಿ ಅಲುಗಿಸಿದರೆ ಪದರಗಳು ಬಿಡಿಬಿಡಿ. ಆದರೆ ಇದು ಗ್ರಾಫೀನ್ ಆಕ್ಸೈಡ್. ಆಮ್ಲಜನಕ ಮತ್ತೆ ಕಿತ್ತುಹಾಕಬೇಕು. ಕಿತ್ತಾಗ ಅಲ್ಲಲ್ಲಿ ತೂತು ಉಳಿಯುತ್ತದೆ. ಜೊತೆಗೆ ಆಮ್ಲ ಬೆರೆತ ತೊಳೆದ ನೀರು ರಾಶಿ ರಾಶಿ.

ಕಂಪ್ಯೂಟರ್ ಚಿಪ್‌ನಂಥ ಸೂಕ್ಷ್ಮ ಕೆಲಸಕ್ಕೆ ಬೇಕಾದ ದೊಡ್ಡ ಹಾಳೆಗಳ ದಾರಿ ಬೇರೆಯೇ. ಸಾವಿರ ಡಿಗ್ರಿಯ ತಾಮ್ರದ ಹಾಳೆಯ ಮೇಲೆ ಮೀಥೇನ್ ಅನಿಲ ಹಾಯಿಸಿ, ಅದರೊಳಗಿನ ಇಂಗಾಲ ಪದರವಾಗಿ ಕೂರುವಂತೆ ಮಾಡುತ್ತಾರೆ. ಒಳ್ಳೆ ಹಾಳೆ, ಆದರೆ ದುಬಾರಿ. ಕಲ್ಲಿದ್ದಲಿನ ಕತೆಯಲ್ಲಿ ಅದಕ್ಕೆ ದೊಡ್ಡ ಪಾತ್ರವಿಲ್ಲ.

ಕಲ್ಲಿದ್ದಲೇ ಕಾಯಿಲ್ ಆದರೆ?

ಇಸ್ತ್ರಿ ಪೆಟ್ಟಿಗೆಯಲ್ಲಿ ಎರಡು ಜಾತಿ. ಅಣ್ಣನದು ಇಂಗಾಲ ಸುಟ್ಟು ಬಿಸಿಯಾಗುತ್ತದೆ. ನಮ್ಮ ಮನೆಯದು ಕರೆಂಟಿನದು. ಅದರೊಳಗಿನ ಕಾಯಿಲ್‌ನಲ್ಲಿ ಕರೆಂಟು ಹರಿಯುವಾಗ ತಡೆ ಎದುರಾಗುತ್ತದೆ, ಆ ತಿಕ್ಕಾಟದಲ್ಲಿ ಬಿಸಿ ಹುಟ್ಟುತ್ತದೆ. ಗೀಸರ್, ಹೀಟರ್ ಎಲ್ಲ ಇದೇ. ಎಷ್ಟು ಕರೆಂಟಿಗೆ ಎಷ್ಟು ಬಿಸಿ ಅನ್ನುವ ಲೆಕ್ಕವನ್ನು 1841ರಲ್ಲಿ ಪ್ರಕಟಿಸಿದವರು ಜೇಮ್ಸ್ ಜೌಲ್. ಹಾಗಾಗಿ ಇದಕ್ಕೆ ಜೌಲ್ ಹೀಟಿಂಗ್ ಅಂತ ಹೆಸರು. ಜೌಲ್ ಹುಟ್ಟಿದ ಸಾಲ್ಫರ್ಡ್ ಮ್ಯಾಂಚೆಸ್ಟರಿಗೆ ಅಂಟಿಕೊಂಡೇ ಇರುವ ಊರು. ಕಾಕತಾಳೀಯ, ಆದರೂ ಹೇಳದೆ ಇರಲಾಗಲಿಲ್ಲ.

ಈಗ ಎರಡು ಜಾತಿಯನ್ನೂ ಕೂಡಿಸಿ ನೋಡಿ. ಇಂಗಾಲವನ್ನು ಸುಡುವ ಬದಲು ಅದನ್ನೇ ಕಾಯಿಲ್ ಮಾಡಿ, ಅದರೊಳಗೇ ಕರೆಂಟು ಹರಿಸಿದರೆ? ಆಚೆಸನ್ ಮಾಡಿದ್ದೂ ಇದನ್ನೇ, ಆದರೆ ದಿನಗಟ್ಟಲೆ. ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ರೈಸ್ ವಿಶ್ವವಿದ್ಯಾಲಯದ ಜೇಮ್ಸ್ ಟೂರ್ ಅವರ ತಂಡ ಅದನ್ನು ಒಂದು ಸೆಕೆಂಡಿನೊಳಗೆ ಮುಗಿಸಿತು. 2020ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ವಿವರ ಬಂತು. ಹೆಸರು ಫ್ಲ್ಯಾಶ್ ಜೌಲ್ ಹೀಟಿಂಗ್.

ಕೆಲಸ ನಡೆಯುವುದು ಹೀಗೆ. ಕಲ್ಲಿದ್ದಲನ್ನು ಪುಡಿ ಮಾಡುತ್ತಾರೆ. ಹಸಿ ಕಲ್ಲಿದ್ದಲಿನಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ, ಅದಕ್ಕೆ ಸ್ವಲ್ಪ ಕಾರ್ಬನ್ ಬ್ಲ್ಯಾಕ್ ಬೆರೆಸುತ್ತಾರೆ. ಟೈರಿಗೆ ಕಪ್ಪು ಬಣ್ಣ ಕೊಡುವ ಪುಡಿ ಅದು. ಈ ಮಿಶ್ರಣವನ್ನು ಬೆರಳಿನಂಥ ಸ್ಫಟಿಕದ ಕೊಳವೆಗೆ ತುಂಬಿ, ಎರಡು ತುದಿಗೂ ಎಲೆಕ್ಟ್ರೋಡ್ ಒತ್ತಿ ಕೂರಿಸುತ್ತಾರೆ. ಒಳಗಿನ ಗಾಳಿಯನ್ನೂ ಹೀರಿ ತೆಗೆಯಬಹುದು, ಬಿಸಿಗೆ ಹೊರಡುವ ಅನಿಲಗಳು ಸಲೀಸಾಗಿ ಆಚೆ ಹೋಗಲಿ ಅಂತ. ಪಕ್ಕದಲ್ಲಿ ಕರೆಂಟು ತುಂಬಿಟ್ಟುಕೊಳ್ಳುವ ಕೆಪಾಸಿಟರ್‌ಗಳ ಸಾಲು. ಹಳೆ ಕ್ಯಾಮೆರಾದ ಫ್ಲ್ಯಾಶ್ ‘ಕುಂಯ್’ ಅಂತ ಚಾರ್ಜ್ ಆಗಿ ಒಮ್ಮೆಲೇ ಹೊಳೆಯುತ್ತಿತ್ತಲ್ಲ, ಅದೇ ತತ್ವ. ತುಂಬಿಟ್ಟ ಕರೆಂಟನ್ನು ಒಂದೇ ಏಟಿಗೆ ಕೊಳವೆಯೊಳಗೆ ಬಿಡುತ್ತಾರೆ. ಕಣ್ಣು ಕೋರೈಸುವ ಬಿಳಿ ಬೆಳಕು. ಮುಗಿಯಿತು.

ಆ ಕ್ಷಣದಲ್ಲಿ ಪುಡಿಯ ಬಿಸಿ ಸುಮಾರು 2,700 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕಬ್ಬಿಣ 1,538 ಡಿಗ್ರಿಗೇ ಕರಗಿ ನೀರಾಗುತ್ತದೆ. ಅಷ್ಟು ಬಿಸಿಗೆ ಜಲಜನಕ, ಆಮ್ಲಜನಕ, ಗಂಧಕ ಎಲ್ಲ ಅನಿಲವಾಗಿ ಹಾರಿಹೋಗುತ್ತವೆ. ಉಳಿದ ಇಂಗಾಲ ತನಗೆ ಅತಿ ನೆಮ್ಮದಿಯ ರಚನೆಗೆ, ಅಂದರೆ ಜೇನುಗೂಡಿಗೆ, ಹೊಂದಿಕೊಳ್ಳುತ್ತದೆ.

ಹಾಗಾದರೆ ಗ್ರಾಫೈಟ್ ಯಾಕಾಗಲಿಲ್ಲ? ಸಮಯ ಸಿಗಲಿಲ್ಲ, ಅದಕ್ಕೆ. ಬೀದಿ ಅಂಗಡಿಯಲ್ಲಿ ಮೊಟ್ಟೆ ಟ್ರೇ ಜೋಡಿಸಿಟ್ಟಿರುವುದನ್ನು ಗಮನಿಸಿ. ಖಾಲಿ ಟ್ರೇಗಳನ್ನು ಗುಂಡಿಗೆ ಗುಂಡಿ ಕೂಡುವಂತೆ ಇಟ್ಟರೆ ಒಂದರೊಳಗೊಂದು ಇಳಿದು ಕಚ್ಚಿಕೊಳ್ಳುತ್ತವೆ, ಬಿಡಿಸೋಕೆ ಉಗುರು ಹಾಕಬೇಕು. ಅದೇ ಒಂದು ಟ್ರೇಯನ್ನು ಸ್ವಲ್ಪ ಓರೆ ತಿರುಗಿಸಿ ಇಟ್ಟರೆ ಮೇಲೇ ನಿಲ್ಲುತ್ತದೆ, ಸುಲಭವಾಗಿ ಎತ್ತಬಹುದು. ನಿಧಾನವಾಗಿ ಕಾಯಿಸಿ ನಿಧಾನವಾಗಿ ತಣಿಸಿದರೆ ಇಂಗಾಲದ ಪದರಗಳು ಕಚ್ಚಿಕೊಂಡ ಟ್ರೇಗಳಂತೆ ಗ್ರಾಫೈಟ್ ಆಗುತ್ತವೆ. ಕ್ಷಣದಲ್ಲಿ ಕಾಯಿಸಿ ಕ್ಷಣದಲ್ಲಿ ತಣಿಸಿದರೆ ಓರೆಕೋರೆಯಾಗಿ ನಿಂತುಬಿಡುತ್ತವೆ. ಹೀಗೆ ಓರೆ ನಿಂತ ಜೋಡಣೆಗೆ ಟರ್ಬೋಸ್ಟ್ರಾಟಿಕ್ ಅನ್ನುತ್ತಾರೆ. ನೋಡೋಕೆ ಕೆಲವೇ ಪದರಗಳ ಪುಡಿ, ನೀರಿನಲ್ಲೋ ಸಿಮೆಂಟಿನಲ್ಲೋ ಕಲಸಿದರೆ ಪದರಗಳು ಸಲೀಸಾಗಿ ಬಿಡಿಯಾಗುತ್ತವೆ. ಆಮ್ಲ ಬೇಡ, ಕುಲುಮೆ ಬೇಡ.

ಆಂತ್ರಸೈಟ್, ಕಾರ್ಬನ್ ಬ್ಲ್ಯಾಕ್‌ನಂಥ ಇಂಗಾಲ ತುಂಬಿದ ವಸ್ತು ಹಾಕಿದರೆ ಹಾಕಿದ್ದರಲ್ಲಿ ಶೇ 80ರಿಂದ 90 ಗ್ರಾಫೀನ್ ಆಗಿ ವಾಪಸ್ ಬಂತು. ಅವರು ಕಲ್ಲಿದ್ದಲಿಗೇ ನಿಲ್ಲಲಿಲ್ಲ. ಹಳೆ ಟೈರು, ಪ್ಲಾಸ್ಟಿಕ್ ಕಸ, ತೆಂಗಿನ ಚಿಪ್ಪು, ಕಾಫಿ ಚರಟ ಎಲ್ಲ ಹಾಕಿ ನೋಡಿದರು. ಆ ಪಟ್ಟಿಯಲ್ಲಿ ಇದ್ದಿಲೂ ಇತ್ತು!

ಕುಲುಮೆಯಲ್ಲಿ ಮೊಂಡು ಹಿಡಿದು ಕೂತ ಇದ್ದಿಲು ಈ ಏಟಿಗೆ ಬಗ್ಗುತ್ತದೆ. ಗುಣಮಟ್ಟದಲ್ಲಿ ಹೆಚ್ಚುಕಮ್ಮಿ ಇರುತ್ತದೆ, ಸುಕ್ಕುಗಟ್ಟಿದ ಹಾಳೆಗಳು ಜಾಸ್ತಿ. ಆದರೂ ಆಗುತ್ತದೆ. ನನ್ನ ಉತ್ತರದ ತಪ್ಪಾದ ಅರ್ಧ ಇದು.

ಜೋಡಿಸುವುದು ಬೇಡ, ಕಿತ್ತರೆ ಸಾಕು

ಬಸವನಗುಡಿಯ ಹಳೆ ಮನೆ ಕೆಡವುವಾಗ ನೋಡಿದ್ದೀರಾ? ಸುಣ್ಣದ ಗಾರೆಯ ಗೋಡೆಯಾದರೆ ಸುತ್ತಿಗೆಯಿಂದ ಹಗೂರ ತಟ್ಟಿದರೂ ಗಾರೆ ಉದುರಿ ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ. ಅದೇ ರೈಸ್ ತಂಡ 2013ರಲ್ಲಿ ಕಲ್ಲಿದ್ದಲಿಗೆ ಹೀಗೇ ಮಾಡಿತ್ತು. ಗಂಧಕಾಮ್ಲ, ನೈಟ್ರಿಕ್ ಆಮ್ಲ ಹಾಕಿ ಕುದಿಸಿದರೆ ಜೇನುಗೂಡಿನ ಚೂರುಗಳನ್ನು ಕಟ್ಟಿದ್ದ ‘ಗಾರೆ’ ಕರಗುತ್ತದೆ, ಚೂರುಗಳು ಉಳಿಯುತ್ತವೆ. ಇವಕ್ಕೆ ಗ್ರಾಫೀನ್ ಕ್ವಾಂಟಂ ಡಾಟ್ ಅಂತ ಹೆಸರು. ಬಿಟುಮಿನಸ್ ಕಲ್ಲಿದ್ದಲಿನಿಂದ ಬಂದವು ಸುಮಾರು 3 ನ್ಯಾನೋಮೀಟರ್ ಅಗಲ, ಆಂತ್ರಸೈಟಿನವು ಸುಮಾರು 29. ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಹಾಕಿದ ಕಲ್ಲಿದ್ದಲಿನಲ್ಲಿ ಶೇ 20ರವರೆಗೆ ಡಾಟ್ ಆಗಿ ಸಿಕ್ಕಿತು.

ಇವುಗಳ ವಿಶೇಷ, ಹೊಳೆಯುವುದು. ದಿನಸಿ ಅಂಗಡಿಯಲ್ಲಿ ಕಳ್ಳನೋಟು ಪತ್ತೆಗೆ ಇಡುವ ನೇರಳೆ ದೀಪ ಇರುತ್ತದಲ್ಲ, ಅಂಥ ಬೆಳಕಿನ ಕೆಳಗೆ ಹಿಡಿದರೆ ಡಾಟ್ ಕರಗಿಸಿದ ನೀರು ಬೆಳಗುತ್ತದೆ. ದೊಡ್ಡ ಗ್ರಾಫೀನ್ ಹಾಳೆಗೆ ಈ ಗುಣ ಇಲ್ಲ. ಚೂರು ಚಿಕ್ಕದಾದಂತೆ ಒಳಗಿನ ಎಲೆಕ್ಟ್ರಾನ್‌ಗಳಿಗೆ ಓಡಾಡಲು ಜಾಗ ಕಮ್ಮಿಯಾಗಿ, ಇಂಥ ಬಣ್ಣದ ಬೆಳಕನ್ನೇ ಹೊರಹಾಕಬೇಕು ಅನ್ನುವ ಕಟ್ಟು ಬೀಳುತ್ತದೆ. ಅಸ್ಸಾಮಿನ ಜೋರ್ಹಾಟ್‌ನಲ್ಲಿರುವ ಸಿಎಸ್‌ಐಆರ್ ಪ್ರಯೋಗಾಲಯ ಈಶಾನ್ಯದ ಕಳಪೆ ದರ್ಜೆಯ ಕಲ್ಲಿದ್ದಲಿನಿಂದ ನೀಲಿ ಹೊಳಪಿನ ಇಂಗಾಲದ ಡಾಟ್‌ಗಳನ್ನು ಮಾಡಿದೆ. 2023ರಲ್ಲಿ ಅಮೆರಿಕದ ನ್ಯಾಷನಲ್ ಎನರ್ಜಿ ಟೆಕ್ನಾಲಜಿ ಲ್ಯಾಬೊರೇಟರಿ ಮತ್ತು ಇಲಿನಾಯ್ ವಿಶ್ವವಿದ್ಯಾಲಯದವರು ಕಲ್ಲಿದ್ದಲಿನ ಡಾಟ್‌ಗಳನ್ನು ಕೂಡಿಸಿ, ಪರಮಾಣುವಿನಷ್ಟು ತೆಳುವಾದ ಪೊರೆ ಮಾಡಿ, ಟ್ರಾನ್ಸಿಸ್ಟರ್‌ನಲ್ಲಿ, ಅಂದರೆ ಚಿಪ್ ಒಳಗಿನ ಪುಟ್ಟ ಸ್ವಿಚ್ಚಿನಲ್ಲಿ, ಬಳಸಿ ತೋರಿಸಿದರು.

ಎರಡು ಯೂನಿಟ್ಟಿನ ಲೆಕ್ಕ

ಫ್ಲ್ಯಾಶ್ ವಿಧಾನಕ್ಕೆ ಒಂದು ಗ್ರಾಂಗೆ ಸುಮಾರು 7.2 ಕಿಲೋಜೌಲ್ ಶಕ್ತಿ ಸಾಕು ಅಂತ ಸಂಶೋಧಕರ ಲೆಕ್ಕ. ಕರೆಂಟ್ ಬಿಲ್ಲಿನ ಭಾಷೆಗೆ ತಿರುಗಿಸಿದರೆ ಒಂದು ಕಿಲೋ ಗ್ರಾಫೀನ್‌ಗೆ 2 ಯೂನಿಟ್. ಎರಡು ಕಿಲೋವಾಟ್ ಗೀಸರ್ ಒಂದು ಗಂಟೆ ಉರಿದಷ್ಟು. ಕೇಳೋಕೆ ಭಾರೀ ಅಗ್ಗ ಅನ್ನಿಸುತ್ತದೆ. ಆದರೆ ಇದು ಪ್ರಯೋಗಾಲಯದಲ್ಲಿ, ಪುಡಿ ತಯಾರಾಗಿ ಕೊಳವೆಗೆ ಬಿದ್ದ ಮೇಲಿನ ಲೆಕ್ಕ. ಅಗೆಯುವುದು, ಸಾಗಿಸುವುದು, ಅರೆಯುವುದು ಇದರಲ್ಲಿ ಇಲ್ಲ.

ಆ 2 ಯೂನಿಟ್ ಎಲ್ಲಿಂದ ಬಂತು ಅನ್ನುವುದೂ ಮುಖ್ಯ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ಶಕ್ತಿನಗರದಲ್ಲಿರುವ 1,720 ಮೆಗಾವಾಟಿನ ರಾಯಚೂರು ಉಷ್ಣ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿಯಂಥ ಗಣಿಗಳಿಂದ ರೈಲಿನಲ್ಲಿ ಬರುತ್ತದೆ. ಒಂದು ಯೂನಿಟ್‌ಗೆ ಸುಮಾರು 600ರಿಂದ 700 ಗ್ರಾಂ ಕಲ್ಲಿದ್ದಲು ಸುಡಬೇಕು. ಅಂದರೆ ಅಂಥ ಕರೆಂಟಿನಲ್ಲಿ ಒಂದು ಕಿಲೋ ಗ್ರಾಫೀನ್ ಮಾಡಿದರೆ, ಕಚ್ಚಾವಸ್ತು ಬಿಟ್ಟು ಇನ್ನೂ ಒಂದು ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಬೇರೆಲ್ಲೋ ಉರಿದಿರುತ್ತದೆ. ಸೋಲಾರ್ ಕರೆಂಟಾದರೆ ಲೆಕ್ಕ ಬೇರೆ.

ಬೂದಿಯ ತಲೆನೋವು ಇನ್ನೊಂದು. ಭಾರತದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಶೇ 30ರಿಂದ 45 ಬೂದಿ, ಅಂದರೆ ಮಣ್ಣು. ಆಂತ್ರಸೈಟ್ ನಮ್ಮಲ್ಲಿ ಇಲ್ಲ ಅನ್ನುವಷ್ಟು ಕಮ್ಮಿ. ರೈಸ್‌ನವರ ಶೇ 80-90ರ ಲೆಕ್ಕವನ್ನು ಸಿಂಗರೇಣಿ ಕಲ್ಲಿದ್ದಲಿಗೆ ಹಾಗೇ ಹಾಕೋಕೆ ಆಗುವುದಿಲ್ಲ. ನೂರು ಗ್ರಾಂನಲ್ಲಿ ನಲವತ್ತು ಗ್ರಾಂ ಮಣ್ಣಿದ್ದರೆ ಕರೆಂಟು ಆ ಮಣ್ಣನ್ನೂ ಕಾಯಿಸಬೇಕು. ಹಾಗಾಗಿ ಮೊದಲು ತೊಳೆದು ಬೂದಿ ತೆಗೆಯುವ ಖರ್ಚು ಸೇರುತ್ತದೆ. ಡಾಂಬರು, ಪಿಚ್‌ಗೆ ಈ ಕಾಟ ಕಮ್ಮಿ. ಕೋಕ್ ಮಾಡುವಾಗಲೇ ಮಣ್ಣು ಬಹುಪಾಲು ಕೋಕಿನಲ್ಲೇ ಉಳಿದಿರುತ್ತದೆ.

‘ಗ್ರಾಫೀನ್ ಬಂದರೆ ಕಲ್ಲಿದ್ದಲು ಸುಡೋದು ನಿಲ್ಲುತ್ತಾ’ ಅಂತ ಕೆಲವರು ಕೇಳುತ್ತಾರೆ. 2024-25ರಲ್ಲಿ ಭಾರತ ಅಗೆದ ಕಲ್ಲಿದ್ದಲು 100 ಕೋಟಿ ಟನ್ ದಾಟಿತು. ಗ್ರಾಫೀನ್ ಬೇಕಾಗುವುದು ಚಿಟಿಕೆಗಳಲ್ಲಿ. ಸಿಮೆಂಟಿನ ಉದಾಹರಣೆ ನೋಡಿ. ರೈಸ್ ತಂಡದ 2020ರ ಪ್ರಯೋಗದಲ್ಲಿ ಸಿಮೆಂಟಿಗೆ ಶೇ 0.1ರಷ್ಟು, ಅಂದರೆ 50 ಕಿಲೋ ಮೂಟೆಗೆ 50 ಗ್ರಾಂ ಗ್ರಾಫೀನ್ ಬೆರೆಸಿದಾಗ ಏಳನೇ ದಿನದ ಗಟ್ಟಿತನ ಸುಮಾರು ಮೂರನೇ ಒಂದು ಪಾಲು ಹೆಚ್ಚಿತು. ಲಾಭ ಇರುವುದು ಅಲ್ಲಿ. ಕಮ್ಮಿ ಸಿಮೆಂಟಿನಲ್ಲಿ ಅದೇ ಗೋಡೆ ಕಟ್ಟಬಹುದಾದರೆ, ಸಿಮೆಂಟ್ ಗೂಡಿನಲ್ಲಿ ಉರಿಯುವ ಕಲ್ಲಿದ್ದಲು ಉಳಿಯುತ್ತದೆ.

ಪುಡಿ ನಿಜವಾಗಿ ಗ್ರಾಫೀನ್ ಹೌದೋ ಅಲ್ಲವೋ?

2018ರಲ್ಲಿ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದವರು ಪ್ರಪಂಚದ 60 ಕಂಪನಿಗಳ ಗ್ರಾಫೀನ್ ತರಿಸಿ ಪರೀಕ್ಷಿಸಿದರು. ಬಹುಪಾಲು ಡಬ್ಬಿಗಳಲ್ಲಿ ಅಸಲಿ ಗ್ರಾಫೀನ್ ಶೇ 10 ಕೂಡ ಇರಲಿಲ್ಲ. ಉಳಿದದ್ದು ನುಣ್ಣಗೆ ಅರೆದ ಗ್ರಾಫೈಟ್. ಸಾಮಾನ್ಯವಾಗಿ ಹತ್ತು ಪದರದವರೆಗೆ ಗ್ರಾಫೀನ್ ಕುಟುಂಬಕ್ಕೆ ಸೇರಿಸುತ್ತಾರೆ. ಅದಕ್ಕೂ ಮೀರಿದರೆ ಪೆನ್ಸಿಲ್ ಪುಡಿ ಅನ್ನಬೇಕು, ಅಷ್ಟೇ.

ಅಸಲಿಯೋ ನಕಲಿಯೋ ಪತ್ತೆ ಮಾಡುವ ಮುಖ್ಯ ಸಾಧನಕ್ಕೆ ಬೆಂಗಳೂರಿನ ನಂಟಿದೆ. ಅದು ರಾಮನ್ ಸ್ಪೆಕ್ಟ್ರೋಮೀಟರ್. ಸಿ.ವಿ. ರಾಮನ್ 1928ರಲ್ಲಿ ಕಲ್ಕತ್ತದಲ್ಲಿ ಕಂಡ ಪರಿಣಾಮವೇ ಅದರ ಬುಡ. 1933ರಲ್ಲಿ ಅವರು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು, ಕೊನೆವರೆಗೂ ಇದೇ ಊರಲ್ಲಿದ್ದರು. ಪುಡಿಯ ಮೇಲೆ ಲೇಸರ್ ಬಿಟ್ಟರೆ ಚದುರಿ ಬರುವ ಬೆಳಕಿನ ಬಣ್ಣ ಕೊಂಚ ಬದಲಾಗಿರುತ್ತದೆ. ಅದನ್ನು ಗೆರೆಯಾಗಿ ಬಿಡಿಸಿದರೆ ಮೂರು ಗುಡ್ಡ ಏಳುತ್ತವೆ. ಡಿ, ಜಿ ಮತ್ತು 2ಡಿ. ಡಿ ಗುಡ್ಡ ಎತ್ತರ ಇದ್ದರೆ ಹಾಳೆಯಲ್ಲಿ ತೂತು, ಹರುಕು ಜಾಸ್ತಿ. 2ಡಿ ಗುಡ್ಡ ಚೂಪಾಗಿ ಎತ್ತರಕ್ಕೆ ನಿಂತಿದ್ದರೆ ಒಳ್ಳೆ ಗ್ರಾಫೀನ್. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 2009ರಲ್ಲಿ ಜಲಜನಕದ ನಡುವೆ ಗ್ರಾಫೈಟ್ ಕಡ್ಡಿಗಳಿಂದ ವಿದ್ಯುತ್ ಕಿಡಿ ಹಾರಿಸಿ ಗ್ರಾಫೀನ್ ಮಾಡಿದಾಗಲೂ ಅದನ್ನು ಇದೇ ಕನ್ನಡಿಗೆ ಹಿಡಿದು ನೋಡಿದ್ದರು.

ಇನ್ನು ಅಣ್ಣನ ಸ್ಕೂಟರ್. ಮಾರನೆ ದಿನ ಬಟ್ಟೆ ತರಲು ಹೋದಾಗ ಇಬ್ಬರೂ ಸೇರಿ ಕಾಲಿಡುವ ಹಲಗೆ ಬಿಚ್ಚಿ ನೋಡಿದೆವು. ಒಳಗೆ ಐದು ಕಪ್ಪು ಪೆಟ್ಟಿಗೆ, ಒಂದೊಂದೂ 12 ವೋಲ್ಟ್. ಎತ್ತಿದರೆ ಕೈ ಜಗ್ಗುವಷ್ಟು ಭಾರ. ಮೇಲೆ ಗ್ರಾಫೀನ್ ಸ್ಟಿಕರ್, ಬದಿಯಲ್ಲಿ ಸಣ್ಣದಾಗಿ ‘ಪಿಬಿ’ ಅಂತ ಗುರುತು. ಅದು ಸೀಸದ ಗುರುತು. ಅಂದರೆ ಇದು ಲೆಡ್-ಆಸಿಡ್ ಬ್ಯಾಟರಿ, ಮನೆಯ ಯುಪಿಎಸ್‌ನಲ್ಲಿ ಇರುವ ಜಾತಿಯೇ.

“ಮೋಸನಾ ಸರ್?”

“ಮೋಸ ಅಂತ ಹೇಳೋಕಾಗಲ್ಲ ಅಣ್ಣ. ಸೀಸದ ತಗಡಿಗೆ ಸ್ವಲ್ಪ ಇಂಗಾಲದ ಪುಡಿ ಬೆರೆಸಿದ್ರೆ ತಗಡಿನ ಮೇಲೆ ಬಿಳಿ ಉಪ್ಪು ಕಟ್ಟೋದು ಕಮ್ಮಿ ಆಗುತ್ತೆ, ಚಾರ್ಜ್ ಚೆನ್ನಾಗಿ ಹಿಡಿಯುತ್ತೆ. ಇವರು ಬೆರೆಸಿದ್ದು ಗ್ರಾಫೀನೋ, ಬರೀ ಗ್ರಾಫೈಟೋ, ಎಷ್ಟು ಗ್ರಾಮೋ, ಸ್ಟಿಕರಲ್ಲಿ ಬರೆದಿಲ್ಲ.”

ಅಣ್ಣ ಹಲಗೆ ಮತ್ತೆ ಕೂರಿಸಿ ಸ್ಕ್ರೂ ತಿರುಗಿಸಿದರು. ಸೀಸದಕಡ್ಡಿ ಅಂತ ಕರೆದದ್ದರಲ್ಲಿ ಸೀಸ ಇರಲಿಲ್ಲ, ಗ್ರಾಫೈಟ್ ಇತ್ತು. ಗ್ರಾಫೀನ್ ಅಂತ ಕರೆದ ಪೆಟ್ಟಿಗೆಯಲ್ಲಿ ತುಂಬ ಸೀಸವೇ ಇದೆ. ಇದನ್ನು ಹೇಳಿದಾಗ ಅವರು ನಕ್ಕು, ಪೆಟ್ಟಿಗೆಗೆ ಇನ್ನೊಂದು ಹಿಡಿ ಇದ್ದಿಲು ಹಾಕಿ ಬೀಸತೊಡಗಿದರು.